ಹಗ್ಗದ ಆ ತುದಿಯಲ್ಲಿ ಒಬ್ಬ ಬೇಕು

ಐಟಿಐ ಮುಗಿಸಿ, ಹೊಸ ಟೂಲ್ ಬ್ಯಾಗು ಹೆಗಲಿಗೇರಿಸಿಕೊಂಡು ಎಸಿ ರಿಪೇರಿ ಕೆಲಸಕ್ಕೆ ಇಳಿಯುತ್ತಿದ್ದೀರಲ್ಲ, ನಿಮಗೆ ಊರಿನವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ನಿಂಗೇನ್ಲಾ, ಎಸಿ ಕೆಲ್ಸ, ತಣ್ಣಗಿರ್ತೀಯ.’ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅಲ್ರಪ್ಪಾ, ಎಸಿ ಕೆಟ್ಟ ಕಡೆಗೆ ತಾನೇ ನಮ್ಮನ್ನು ಕರೆಯುವುದು? ಕೆಟ್ಟ ಮೇಲೆ ಅಲ್ಲಿ ತಣ್ಣಗೆ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ತಾರಸಿಯ ಮೇಲೆ ಕೂತು ಗ್ಯಾಸ್ ತುಂಬುವಾಗ ಸ್ಪ್ಯಾನರ್ ಮುಟ್ಟಿದರೆ ಅಂಗೈ ಚುರ್ ಅನ್ನುತ್ತದೆ. ಕೊನೆಗೆ ಮಷೀನು ಸರಿಹೋಗಿ ಒಳಗೆ ತಂಪು ಗಾಳಿ ಬರತೊಡಗಿತೋ, ನಮ್ಮ ಕೆಲಸ ಮುಗಿಯಿತು. ಬ್ಯಾಗು ಎತ್ತಿಕೊಂಡು ಮುಂದಿನ ಬಿಸಿಲಿಗೆ ಹೊರಡಬೇಕು.

ನಾನು ಬೋರೇಗೌಡ, ಹೊಂಗನೂರಿನವನು. ಹೋದ ವರ್ಷ ಕೆಲಸ ಬಿಟ್ಟೆ. ಬಡ್ತಿ ಗಿಡ್ತಿ ಅಂತ ಹೇಳಿಕೊಳ್ಳಲು ನನ್ನ ಬಳಿ ಏನೂ ಇಲ್ಲ. ಮೊದಲ ದಿನವೂ ಮೆಕ್ಯಾನಿಕ್ಕು, ಕೊನೆಯ ದಿನವೂ ಮೆಕ್ಯಾನಿಕ್ಕು. ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಎದೆಯುಬ್ಬಿಸಿಯೇ ಮಾತಾಡುತ್ತೇನೆ, ಜಂಬ ಅಂದುಕೊಂಡರೂ ಚಿಂತೆಯಿಲ್ಲ. ಇವತ್ತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರಿನ ಸುತ್ತಮುತ್ತ ನಮ್ಮ ಕಂಪನಿಯ ಯಾವ ಟೆಕ್ನಿಷಿಯನ್ನೂ ಗೋಡೆಯ ಮೇಲೆ ಒಬ್ಬನೇ ಹತ್ತುವುದಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಇದ್ದೇ ಇರುತ್ತಾನೆ. ಅವನಿಗೂ ಕೂಲಿ ಇದೆ. ಅದು ತಾನಾಗಿ ಬಂದದ್ದಲ್ಲ, ನಾವು ಗೆದ್ದುಕೊಂಡದ್ದು. ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಿತದ್ದು ಚನ್ನಪಟ್ಟಣದ ಒಂದು ಫ್ರಿಜ್ ಅಂಗಡಿಯಲ್ಲಿ. ಮಾಲೀಕರು ರಹೀಂ ಸಾಬರು. ಬೈಗುಳದಲ್ಲಿ ಎತ್ತಿದ ಕೈ, ಕೆಲಸದಲ್ಲಿ ಅದಕ್ಕಿಂತ ಎತ್ತಿದ ಕೈ. ಆಗ ಮೀಟರು ಗೀಟರು ಕಡಿಮೆ. ಕಂಪ್ರೆಸರಿನ ಮೇಲೆ ಅಂಗೈಯಿಟ್ಟು, ಕಿವಿ ಹತ್ತಿರ ತಂದು ರೋಗ ಹೇಳುತ್ತಿದ್ದರು. ಗ್ಯಾಸು ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಸೋಪಿನ ನೊರೆ. ನೊರೆ ಗುಳ್ಳೆ ಎದ್ದ ಕಡೆ ಬೆಸುಗೆ. ಯಾವ ಕೆಲಸಕ್ಕೂ ಇಬ್ಬರು ಹೋಗುತ್ತಿದ್ದೆವು. ಫ್ರಿಜ್ಜು ಎತ್ತಬೇಕಲ್ಲ, ಒಬ್ಬನಿಂದ ಹೇಗಾದೀತು? ಇಬ್ಬರು ಬೇಕು ಅನ್ನುವುದನ್ನು ಆಗ ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ.

ಗೋಡೆ ಎಸಿ ಬಂದ ಹೊಸತರಲ್ಲಿ ಒಂದು ಆಟಿಕೆ ಅಂಗಡಿಗೆ ಒಂದನ್ನು ಕೂರಿಸಿದೆ. ಗೋಡೆಯಲ್ಲಿ ತೂತು ಕೊರೆಯುವಾಗ ಅದರ ಇಳಿಜಾರು ಹೊರಗಡೆಗೆ ಇರಬೇಕು. ಆಗ ಎಸಿಯಿಂದ ಇಳಿಯುವ ನೀರು ಹೊರಗೆ ಹೋಗುತ್ತದೆ. ನಾನು ಪುಣ್ಯಾತ್ಮ ಒಳಗಡೆಗೆ ಇಳಿಜಾರು ಕೊಟ್ಟಿದ್ದೆ. ಬೆಳಿಗ್ಗೆ ಆ ಆಟಿಕೆ ಅಂಗಡಿಯವರು ಬಂದು ನಮ್ಮ ಬಾಗಿಲಲ್ಲೇ ನಿಂತು ಕೂಗಿದರು, “ಲೋ ಬೋರಾ, ನನ್ ಕುದ್ರೆಗಳೆಲ್ಲ ಈಜು ಕಲ್ತುಬುಟ್ಟವೆ, ಬಂದ್ ನೋಡ್ಲಾ!” ನೆಲದ ಮೇಲೆ ಜೋಡಿಸಿಟ್ಟಿದ್ದ ಮರದ ಕುದುರೆಗಳೆಲ್ಲ ನೀರಲ್ಲಿ ತೇಲುತ್ತಿದ್ದವು. ರಹೀಂ ಸಾಬರು ಒಂದು ವಾರ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ‘ಏ ಕುದ್ರೆ’ ಅಂತಲೇ ಕರೆದರು. ನೀವು ತೂತು ಕೊರೆಯುವಾಗ ನನ್ನ ಕುದುರೆಗಳನ್ನು ನೆನೆಸಿಕೊಳ್ಳಿ, ಸಾಕು.

ಸಾಬರು ಅಂಗಡಿ ಮುಚ್ಚಿದ ಮೇಲೆ ನಾನು ಬೆಂಗಳೂರಿನ ಒಂದು ಸರ್ವಿಸ್ ಕಂಪನಿಗೆ ಸೇರಿದೆ. ಸೇರಿದೆ ಅನ್ನುವುದೂ ದೊಡ್ಡ ಮಾತು. ಅವರು ನಮ್ಮನ್ನು ‘ಪಾರ್ಟ್ನರ್’ ಅನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ಮನೆಗೆ ಬಂದು ಹೆಂಡತಿಗೆ, “ಇನ್ಮೇಲೆ ನಿನ್ ಗಂಡ ಪಾರ್ಟ್ನರು ಕಣೆ” ಅಂತ ಮೀಸೆ ತಿರುವಿದ್ದೆ. “ಲಾಭದಲ್ಲೂ ಪಾಲು ಐತಾ?” ಅಂತ ಕೇಳಿದಳು. ಅವಳು ಯಾವಾಗಲೂ ಹಾಗೇ, ಒಂದೇ ಮಾತಿಗೆ ಗಾಳಿ ತೆಗೆದುಬಿಡುತ್ತಾಳೆ.

ಪಾರ್ಟ್ನರ್ ಅಂದರೆ ಏನು ಅಂತ ಆಮೇಲೆ ಗೊತ್ತಾಯಿತು. ಸಂಬಳವಿಲ್ಲ. ಫೋನಿನ ಆ್ಯಪಿನಲ್ಲಿ ಕೆಲಸ ಬರುತ್ತದೆ, ಅದಕ್ಕೆ ‘ಕಾಲ್’ ಅನ್ನುತ್ತೇವೆ. ಮುಗಿಸಿದ ಕಾಲ್‌ಗೆ ಮಾತ್ರ ದುಡ್ಡು. ಬೈಕು ನಮ್ಮದು, ಪೆಟ್ರೋಲು ನಮ್ಮದು, ಏಣಿ ನಮ್ಮದು, ಬಿದ್ದರೆ ಮೂಳೆಯೂ ನಮ್ಮದೇ. ಮಾಗಡಿಯಿಂದ ಕಬ್ಬಾಳಿನವರೆಗೆ ಬೈಕು ಓಡಿಸಿ, ಬೋರ್ಡು ಸುಟ್ಟಿದೆ, ಹೊಸದು ಬೆಂಗಳೂರಿನಿಂದ ಬರಬೇಕು ಅಂತ ಗೊತ್ತಾದರೆ ಆವತ್ತಿನ ದಿನ ಗೋವಿಂದ. ಕೆಲಸ ಮುಗಿದಿದೆ ಅನ್ನುವುದಕ್ಕೆ ನಮ್ಮ ಮಾತು ಸಾಲದು. ಗ್ರಾಹಕರ ಫೋನಿಗೆ ಒಂದು ನಂಬರ್ ಬರುತ್ತದೆ, ಅವರು ಅದನ್ನು ನಮಗೆ ಹೇಳಬೇಕು, ನಾವು ಒತ್ತಬೇಕು. ಆಗಲೇ ಕಾಲ್ ಮುಗಿದಂತೆ, ಇಲ್ಲದಿದ್ದರೆ ಕಂಪನಿಯ ಲೆಕ್ಕದಲ್ಲೂ ಅದು ಬಾಕಿಯೇ. ಆ ನಂಬರಿಗಾಗಿ ಎಷ್ಟು ಮನೆಗಳ ಬಾಗಿಲಲ್ಲಿ ಹಲ್ಲು ಗಿಂಜಿಕೊಂಡು ನಿಂತಿದ್ದೇನೋ ನನಗೇ ಗೊತ್ತಿಲ್ಲ. ಇನ್ನೊಂದು ವಿಷಯ, ಒಬ್ಬರಿಗೆ ಒಂದು ಕಾಲ್. ನೆಲದ ಮೇಲಿನ ಕೆಲಸವಾಗಲಿ, ಮೂರನೇ ಅಂತಸ್ತಿನ ಹೊರಗೋಡೆಯಾಗಲಿ, ಹೋಗುವವನು ಒಬ್ಬನೇ. ಇಬ್ಬರು ಹೋದರೆ ದುಡ್ಡನ್ನು ನೀವೇ ಹಂಚಿಕೊಳ್ಳಿ ಅನ್ನುತ್ತಿದ್ದರು.

ನಮ್ಮ ಕಡೆ ಎಸಿ ಅಂದರೆ ಬರೀ ಮನೆ, ಅಂಗಡಿ ಅಲ್ಲ. ಚಾಕಿ ಸೆಂಟರುಗಳೂ ಉಂಟು. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳನ್ನು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವನ್ನು, ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುವ ಹೊತ್ತು. ಆಗ ಕೋಣೆ ಕಾದರೆ ಹುಳು ಉಳಿಯುವುದು ಕಷ್ಟ. ಅದನ್ನು ನಂಬಿಕೊಂಡು ತೋಟದಲ್ಲಿ ಸೊಪ್ಪು ಬೆಳೆಸಿಟ್ಟ ರೈತರ ಬೆಳೆಯೂ ಹೋಯಿತು. ಬೇರೆ ಕಡೆ ಎಸಿ ಕೆಟ್ಟರೆ ಜನ ಬೆವರುತ್ತಾರೆ, ಇಲ್ಲಿ ಕೆಟ್ಟರೆ ಒಂದು ಊರಿನ ರೇಷ್ಮೆಯೇ ಹೋಗುತ್ತದೆ.

ಕಬ್ಬಾಳಿನ ಹತ್ತಿರ ಪುಟ್ಟತಾಯಮ್ಮ ಅಂತ ಒಬ್ಬ ಹೆಂಗಸು ಇಂಥ ಚಾಕಿ ಸೆಂಟರ್ ನಡೆಸುತ್ತಾರೆ. ನನಗಿಂತ ಚಿಕ್ಕವರು, ಆದರೂ ನಾನು ಅಕ್ಕ ಅಂತಲೇ ಕರೆಯುವುದು. ಮೊದಲ ಸಲ ಅಲ್ಲಿಗೆ ಹೋದಾಗ ನಾನು ಮಾಡಿಕೊಂಡ ಎಡವಟ್ಟು ಕೇಳಿ. ಆವತ್ತು ಬೆಳಿಗ್ಗೆ ನಮ್ಮ ಹೊಲದಲ್ಲಿ ಅವರೆಗೆ ಔಷಧಿ ಹೊಡೆದು, ಅದೇ ಅಂಗಿಯಲ್ಲಿ ಬೈಕು ಹತ್ತಿ ಬಂದಿದ್ದೆ. ಗೇಟಿನ ಹತ್ತಿರ ಬರುತ್ತಿದ್ದಂತೆ ಆಯಮ್ಮನ ಮೂಗು ಅರಳಿತು.

“ಅಲ್ಲೇ ನಿಂತ್ಕೊಳಿ! ಏನ್ ಹೊಡ್ಕೊಂಡ್ ಬಂದಿದೀರಾ ಮೈಗೆ?”

“ಅವರೆಗೆ ಹುಳ ಬಿದ್ದಿತ್ತು ಕಣಕ್ಕ, ಒಸಿ ಔಷ್ದಿ...”

“ಅವರೆ ಹುಳ ಸಾಯ್ಸೋ ಔಷ್ದಿ ನನ್ ಹುಳಾನ ಸಾಕ್ತದಾ? ನಡೀರಿ ಆ ಕಡೀಕೆ!”

ಅಂಗಿ, ಪ್ಯಾಂಟು ಗೇಟಿನ ಹೊರಗೆ ನೇತುಹಾಕಿಸಿದರು. ತೊಟ್ಟಿಯ ಪಕ್ಕದಲ್ಲಿ ಸೀಗೇಪುಡಿ ಹಾಕಿ ಸ್ನಾನ ಮಾಡಿಸಿದರು. ಅವರ ಯಜಮಾನರ ಒಗೆದ ಲುಂಗಿ, ಬನಿಯನ್ ಕೊಟ್ಟರು. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲದ್ದಿಸಿ ಆಮೇಲೆ ಒಳಕ್ಕೆ ಬಿಟ್ಟರು. ಅಲ್ಲಿಂದಾಚೆಗೆ ನಮ್ಮವರು ಯಾರೇ ಹೋದರೂ ಅದೇ ಪದ್ಧತಿ. ನಮ್ಮ ನಯಾಜ್ ಒಂದು ಶುಕ್ರವಾರ ನಮಾಜು ಮುಗಿಸಿ ಅತ್ತರು ಹಚ್ಚಿಕೊಂಡೇ ಹೋಗಿ, ಎರಡು ಸಲ ಮೈ ತೊಳೆದುಕೊಂಡು ಬಂದಿದ್ದ. ನನಗೆ ಆಯಮ್ಮನ ಮೇಲೆ ಒಂದು ಚೂರೂ ಬೇಜಾರಿಲ್ಲ. ಬೇಜಾರು ಆ ಆ್ಯಪಿನ ಮೇಲೆ. ಗೇಟಿಗೆ ಬಂದ ಕೂಡಲೇ ಅದರ ಗಡಿಯಾರ ಓಡತೊಡಗುತ್ತದೆ, ನಾವು ಸ್ನಾನ ಮಾಡುತ್ತಿದ್ದರೆ ಕೆಲಸ ತಡ ಅಂತ ಹಣ ಕತ್ತರಿಸುತ್ತದೆ. ಕೊಳೆಯಾಗಿದ್ದಕ್ಕೆ ಕೂಲಿ ಕೊಡುವವರು ಉಂಟು, ಸ್ನಾನ ಮಾಡಿದ್ದಕ್ಕೆ ಕೂಲಿ ಕತ್ತರಿಸಿದವರನ್ನು ನಾನು ಅಲ್ಲೇ ಕಂಡದ್ದು.

ನಯಾಜ್‌ನ ವಿಷಯಕ್ಕೆ ಬರುತ್ತೇನೆ. ರಾಮನಗರದವನು, ಅವರ ಮನೆಯಲ್ಲಿ ಅಪ್ಪ, ಚಿಕ್ಕಪ್ಪಂದಿರು ಎಲ್ಲ ರೇಷ್ಮೆ ನೂಲು ತೆಗೆಯುವವರು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ ಹುಡುಕಿ ಅವರ ಬೆರಳುಗಳೆಲ್ಲ ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ‘ನನ್ ಕೈ ಹಂಗಾಗೋದು ಬ್ಯಾಡ ಅಂತ ಈ ಕೆಲ್ಸಕ್ಕೆ ಬಂದೆ ಬೋರಣ್ಣ’ ಅನ್ನುತ್ತಿದ್ದ. ನನಗಿಂತ ಬಹಳ ಚಿಕ್ಕವನು, ಆದರೆ ಕೆಲಸದಲ್ಲಿ ನನ್ನ ಸಮ. ಬಾಯಿಯಲ್ಲಿ ನನಗಿಂತ ಒಂದು ಕೈ ಮೇಲು.

ಒಂದು ದಿನ ಮಾಗಡಿಯ ಒಂದು ಲಾಡ್ಜಿನ ಹಿಂಗೋಡೆಗೆ ಏಣಿ ಒರಗಿಸಿಕೊಂಡು ಒಬ್ಬನೇ ಹತ್ತಿದ. ಏಣಿಯ ಬುಡ ಚರಂಡಿಯ ಪಾಚಿಯ ಮೇಲಿತ್ತು. ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಏಣಿ ಜಾರಿತು, ಇವನು ಬಿದ್ದ. ತೊಡೆಯ ಮೂಳೆ ಮುರಿಯಿತು. ಎಷ್ಟೋ ಹೊತ್ತಾದ ಮೇಲೆ ಪಾತ್ರೆ ತೊಳೆಯಲು ಹಿಂದಕ್ಕೆ ಬಂದ ಹೆಂಗಸು ನೋಡಿ ಕಿರುಚಿಕೊಂಡಳಂತೆ. ನಾನು ಆಸ್ಪತ್ರೆಗೆ ಓಡಿದೆ. ಅವನ ಫೋನು ನನ್ನ ಕೈಯಲ್ಲಿತ್ತು, ರಿಂಗಾಯಿತು. ನಮ್ಮ ಏರಿಯಾ ಮ್ಯಾನೇಜರ್ ಶ್ರೀಧರ್ ಅವರು. “ಆ ಕಾಲ್ ಕ್ಲೋಸ್ ಆಯ್ತಾ?” ಅಂತ ಕೇಳಿದರು. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ, ಮಕ್ಕಳು ಮರಿ ಓದುತ್ತಾರೆ.

ಕಂಪನಿ ಒಂದು ಪೈಸೆ ಕೊಡಲಿಲ್ಲ. ಪಾರ್ಟ್ನರ್ ಅಲ್ಲವೇ, ಅವರವರ ಜವಾಬ್ದಾರಿ ಅಂದಿತು. ಕಾಲಿಗೆ ರಾಡು ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿದ್ದ ನಯಾಜ್ ಮತ್ತೆ ಕೆಲಸಕ್ಕೆ ಬಂದಾಗ ಒಂದೇ ಮಾತು ಹೇಳಿದ: “ಕೆಳಗಿನ ಕೆಲ್ಸ ಎಷ್ಟಾರ ಕೊಡಿ ಮಾಡ್ತೀನಿ. ಗೋಡೆ ಹತ್ತೋದಾದ್ರೆ ಇನ್ನೊಬ್ರು ಬೇಕು. ಒಬ್ನೇ ಹತ್ತಾಕಿಲ್ಲ.” ಕಂಪನಿ ವಾದವನ್ನೇ ಮಾಡಲಿಲ್ಲ. ಗೋಡೆಯ ಕೆಲಸಗಳನ್ನೇ ಅವನಿಗೆ ಕಳಿಸಿತು, ಅವನು ಬೇಡ ಅಂದ, ಕಾಲ್ ನಿರಾಕರಿಸಿದ ಅಂತ ಅವನ ಐಡಿ ಬಂದ್ ಮಾಡಿತು. ಐಡಿ ಬಂದ್ ಅಂದರೆ ಆ್ಯಪಿನಲ್ಲಿ ಹೆಸರಿಲ್ಲ, ಕೆಲಸವಿಲ್ಲ. ನಯಾಜ್ ಮತ್ತೆ ಕುದಿಯುವ ನೀರಿನ ಮುಂದೆ ಹೋಗಿ ಕೂರಬೇಕು. ನನಗೆ ರಕ್ತ ಕುದಿಯಿತು. ಇವನ ಹೆಸರು ಮತ್ತೆ ಬರಬೇಕು, ಗೋಡೆಗೆ ಇಬ್ಬರು ಆಗಬೇಕು, ಅಲ್ಲಿಯವರೆಗೆ ನಾನು ಸುಮ್ಮನಿರುವುದಿಲ್ಲ ಅಂತ ಮನಸ್ಸಿನಲ್ಲೇ ಹಟ ತೊಟ್ಟೆ.

ನಾಲ್ಕೂ ಊರಿನ ಟೆಕ್ನಿಷಿಯನ್‌ಗಳನ್ನು ರಾಮನಗರದ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಗೆ ಕರೆದೆ. ಎಲ್ಲರಿಗೂ ಹೆದರಿಕೆ. “ನಮ್ದೂ ಐಡಿ ಹೋದ್ರೆ ಏನಣ್ಣ ಗತಿ?” ಅಂತ ಒಬ್ಬ. “ಬೇಸ್ಗೇಲಿ ನಮ್ಮೆಲ್ರುದೂ ಬಂದ್ ಮಾಡುದ್ರೆ ಎಸಿ ರಿಪೇರಿ ಯಾರ್ಲಾ ಮಾಡ್ತಾರೆ, ಅವ್ರ ಆ್ಯಪು ಬಂದು ಗ್ಯಾಸ್ ತುಂಬ್ತದಾ?” ಅಂದೆ. ಎಲ್ಲರೂ ನಕ್ಕರು. ನಕ್ಕ ಮೇಲೆ ಅರ್ಧ ಹೆದರಿಕೆ ಹೋಯಿತು. ನೆಲದ ಕೆಲಸ ಮಾಡುವುದು, ಗೋಡೆಗೆ ಒಬ್ಬರೇ ಹತ್ತುವುದಿಲ್ಲ ಅಂತ ತೀರ್ಮಾನವಾಯಿತು. ಕಂಪನಿ ಬೆಂಗಳೂರಿನಿಂದ ಬೇರೆಯವರನ್ನು ಕಳಿಸಲು ನೋಡಿತು. ಅವರು ಕನಕಪುರ ರಸ್ತೆಯ ಟ್ರಾಫಿಕ್ಕು ದಾಟಿ ಬರುವಷ್ಟರಲ್ಲಿ ಗ್ರಾಹಕರು ಬೈದು ಬೈದು ಸುಸ್ತಾಗಿರುತ್ತಿದ್ದರು. ಆದರೂ ಕಂಪನಿ ಬಗ್ಗಲಿಲ್ಲ. ನಮ್ಮವರ ಮನೆಗಳಲ್ಲಿ ಒಲೆ ಉರಿಯಬೇಕಲ್ಲ, ಒಬ್ಬಿಬ್ಬರು ನನ್ನ ಕಣ್ಣು ತಪ್ಪಿಸಿ ಓಡಾಡತೊಡಗಿದರು. ಇನ್ನು ಸ್ವಲ್ಪ ದಿನಕ್ಕೆ ಇದು ಮುರಿದು ಬೀಳುತ್ತದೆ ಅಂತ ನನಗೂ ಅನ್ನಿಸತೊಡಗಿತ್ತು.

ಅಷ್ಟರಲ್ಲಿ ಪುಟ್ಟತಾಯಮ್ಮನ ಫೋನು ಬಂತು.

“ಗೌಡ್ರೇ, ಎಸಿ ನಿಂತೋಗದೆ. ಹುಳ ಎರಡ್ನೇ ಜ್ವರಕ್ಕೆ ಕುಂತವೆ. ರೂಮು ಕಾಯ್ತಾ ಐತೆ.”

“ಅಕ್ಕ, ನಿಮ್ಮ ಮಷೀನು ಹಿಂಗೋಡೆ ಮೇಲಿರೋದು. ನಮ್ದು ಹಿಂಗಿಂಗೆ ನಡೀತಾ ಐತೆ...”

“ನಂಗೊತ್ತಿಲ್ವಾ? ನಿಮ್ ಜಗಳ ನೀವ್ ಆಡ್ಕಳಿ, ನಾ ಬ್ಯಾಡ ಅನ್ನಕಿಲ್ಲ. ಹುಳಕ್ಕೆ ಏನ್ ಗೊತ್ತು ನಿಮ್ ಜಗಳ?”

ಹೋಗದಿದ್ದರೆ ಹುಳು ಸಾಯುತ್ತವೆ. ಒಬ್ಬನೇ ಹೋಗಿ ಹತ್ತಿದರೆ ನಾನೇ ಕಟ್ಟಿದ ಮಾತನ್ನು ನಾನೇ ಮುರಿದಂತೆ. ನಯಾಜ್‌ಗೆ ಫೋನು ಮಾಡಿದೆ. “ಐಡಿ ಬಂದ್ ಆಗಿರೋದು ಆ್ಯಪಲ್ಲಿ ಬೋರಣ್ಣ, ಕೈಯಲ್ಲಲ್ಲ. ಬತ್ತೀನಿ ನಡಿ” ಅಂದ. ಇಬ್ಬರೂ ಒಂದೇ ಬೈಕಿನಲ್ಲಿ ಹೊರಟೆವು. ದಾರಿಯಲ್ಲಿ ಕನಕಪುರದಲ್ಲಿ ಗಟ್ಟಿ ನೈಲಾನ್ ಹಗ್ಗ ಕೊಂಡುಕೊಂಡೆ. ಸೊಂಟದ ಬೆಲ್ಟು ನನ್ನದೇ ಇತ್ತು.

ಪುಟ್ಟತಾಯಮ್ಮನ ಮನೆ ಬಂಡೆಯ ಇಳಿಜಾರಿನಲ್ಲಿ ಕಟ್ಟಿದ್ದು. ಮುಂದಿನಿಂದ ನೋಡಿದರೆ ಒಂದಂತಸ್ತು, ಹಿಂದೆ ಬಂಡೆ ಇಳಿದುಹೋಗಿ ಎರಡಂತಸ್ತಿಗೂ ಹೆಚ್ಚು. ಎಸಿಯ ಹೊರ ಮಷೀನನ್ನು ಹಿಂಗೋಡೆಗೆ ತೂಗುಹಾಕಿದ್ದರು. ಅದರ ಬಿಸಿಗಾಳಿ ಮುಂದುಗಡೆ ಇಟ್ಟಿರುವ ಹಿಪ್ಪುನೇರಳೆ ಸೊಪ್ಪಿಗೆ ತಗಲಬಾರದು ಅಂತ ಹಾಗೆ ಮಾಡಿದ್ದು. ಕೆಳಗೆ ಏಣಿ ನಿಲ್ಲುವ ಜಾಗವೇ ಇಲ್ಲ, ಬರೀ ಬಂಡೆ. ತಾರಸಿಯಿಂದ ಹಗ್ಗ ಕಟ್ಟಿಕೊಂಡು ಕೆಳಗಿನ ಕಿಟಕಿಯ ಸಜ್ಜಾದ ಮೇಲೆ ಇಳಿಯಬೇಕು.

ನಾವು ಗೇಟಿಗೆ ಬಂದಾಗ ಒಂದು ಕಾರು ನಿಂತಿತ್ತು. ಶ್ರೀಧರ್ ಅವರೇ ಬಂದಿದ್ದರು. ಚಾಕಿ ಸೆಂಟರಿನವರ ದೂರು ಮೇಲಿನವರೆಗೆ ಹೋಗಿ, ಅಲ್ಲಿಂದ ಇವರಿಗೆ ಚೆನ್ನಾಗಿ ಬಿದ್ದಿತ್ತು ಅಂತ ಮುಖದಲ್ಲೇ ಕಾಣುತ್ತಿತ್ತು. ನಯಾಜ್‌ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಬೋರೇಗೌಡ್ರೇ, ಈ ಕಾಲ್ ನಿಮ್ಮ ಹೆಸರಲ್ಲಿದೆ. ಇವರ ಐಡಿ ಆಫ್ ಆಗಿದೆ. ಇವರು ಇಲ್ಲಿ ಏನನ್ನೂ ಮುಟ್ಟೋ ಹಾಗಿಲ್ಲ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ.”

“ಹಂಗಾದ್ರೆ ನಾನು ಹತ್ತಾಕಿಲ್ಲ ಸಾರ್” ಅಂದೆ.

“ಹುಳ ಸತ್ರೆ ಯಾರು ಜವಾಬ್ದಾರಿ?”

ಪುಟ್ಟತಾಯಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಒಳಗೆ ಅವರ ಬದುಕು ಕಾಯುತ್ತಿತ್ತು, ಕಣ್ಣು ಕೆಂಪಗಾಗಿದ್ದವು. ‘ಹತ್ತಿ ಗೌಡ್ರೇ, ದಮ್ಮಯ್ಯ’ ಅಂತಾರೆ ಅಂದುಕೊಂಡೆ. ಅಂದಿದ್ದರೆ ನಾನು ಹತ್ತಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಆಯಮ್ಮ ಶ್ರೀಧರ್ ಅವರ ಕಡೆ ತಿರುಗಿದರು.

“ನೋಡಿ ಸಾರ್, ಆ ಗ್ವಾಡೇಲಿ ಒಬ್ನೇ ಹತ್ತಿ ಬಿದ್ದೋದ್ರೆ, ನನ್ ಹುಳ ಉಳುದ್ರೂ ನನ್ಗೆ ಅನ್ನ ಇಳೀತದಾ? ಒಬ್ರುನ್ನೇ ಹತ್ತುಸುದ್ರೆ ಆ ನಂಬರ್ ನಾ ಕೊಡಾಕಿಲ್ಲ. ನಾನೊಬ್ಳೇ ಅಲ್ಲ, ಕನಕಪುರದ ಕಡೆ ಚಾಕಿ ಸೆಂಟರ್ ಇಕ್ಕಿರೋ ಹೆಣ್ಮಕ್ಳಿಗೆಲ್ಲ ಫೋನ್ ಹಾಕಿವ್ನಿ. ಯಾರೂ ಕೊಡಾಕಿಲ್ಲ. ನಿಮ್ ಕಾಲೆಲ್ಲ ಹಂಗೇ ಬಿದ್ದಿರ್ಲಿ.”

ಎಷ್ಟು ವರ್ಷ ಆ ನಂಬರಿಗಾಗಿ ಜನರ ಮುಖ ನೋಡಿಕೊಂಡು ನಿಂತಿದ್ದೆವೋ, ಅದೇ ನಂಬರು ಈಗ ನಮ್ಮ ಕಡೆಗೆ ತಿರುಗಿ ನಿಂತಿತ್ತು. ನಯಾಜ್ ನನ್ನ ಕಿವಿಯಲ್ಲಿ, “ಬೋರಣ್ಣ, ನಾವ್ ಟೀ ಅಂಗ್ಡೀಗೆ ಇವ್ರುನ್ನ ಕರೀಬೇಕಿತ್ತು” ಅಂದ.

ಶ್ರೀಧರ್ ಹಣೆಯೊರೆಸಿಕೊಂಡರು. ಒಳಗಿನ ಥರ್ಮಾಮೀಟರು ಏರುತ್ತಿದೆ ಅಂತ ಆಳು ಹೆಂಗಸು ಕೂಗಿ ಹೇಳಿದಳು. ಅವರು ನಯಾಜ್‌ನನ್ನು ನೋಡಿದರು, ಗೋಡೆಯನ್ನು ನೋಡಿದರು, ತಾವೇ ಹಾಕಿದ ನಿಯಮ ತಮ್ಮ ಕೊರಳಿಗೇ ಸುತ್ತಿಕೊಂಡದ್ದು ಅವರಿಗೂ ಗೊತ್ತಾಗಿರಬೇಕು.

“ಸರಿ. ಹಗ್ಗ ಕೊಡಿ. ನಾನೇ ಹಿಡ್ಕೋತೀನಿ” ಅಂದರು.

ಆಯಮ್ಮ ಬಿಡುತ್ತಾರೆಯೇ! “ಆ ಸೆಂಟ್ ವಾಸ್ನೆ ಇಟ್ಕೊಂಡು ನನ್ ತಾರ್ಸಿ ಹತ್ತಂಗಿಲ್ಲ. ಕಿಟ್ಕಿಯಿಂದ ಒಳೀಕೆ ಹೊಡೀತದೆ” ಅಂದರು. ಏರಿಯಾ ಮ್ಯಾನೇಜರ್ ಸಾಹೇಬರು ತೊಟ್ಟಿಯ ಪಕ್ಕ ನಿಂತು ಸೀಗೇಪುಡಿ ಉಜ್ಜಿಕೊಂಡರು, ಲುಂಗಿ ಮೇಲೆ ಕಟ್ಟಿದರು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿದರು. “ಸಾರ್, ಆ್ಯಪಲ್ಲಿ ತಡ ಆಯ್ತು ಅಂತ ತೋರುಸ್ತಾ ಐತೆ” ಅಂತ ನಯಾಜ್ ನನ್ನ ಫೋನು ನೋಡಿ ಮೆಲ್ಲಗೆ ಅಂದ. ಅವರು ಅವನನ್ನು ಕೆಕ್ಕರಿಸಿ ನೋಡಿದರು, ಆದರೆ ಬೈಯಲಿಲ್ಲ.

ಹಗ್ಗವನ್ನು ತಾರಸಿಯ ನೀರಿನ ಟ್ಯಾಂಕಿನ ಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಶ್ರೀಧರ್ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕು ಅಂತ ತೋರಿಸಿ ನಾನು ಇಳಿದೆ. ಸಜ್ಜಾದ ಮೇಲೆ ಕಾಲೂರಿ ಮಷೀನಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ಮೋಟಾರು ಜಾಮಾಗಿತ್ತು. ಶ್ರೀಧರ್ ಕಾರಿನಲ್ಲಿ ತಂದಿದ್ದ ಹೊಸದನ್ನು ನಯಾಜ್ ಚೀಲದಲ್ಲಿಟ್ಟು ಹಗ್ಗದಿಂದ ಇಳಿಬಿಡಬೇಕಿತ್ತು, ಅವನಿಗೆ ಮುಟ್ಟಲು ಅಪ್ಪಣೆಯಿಲ್ಲವಲ್ಲ, ಪುಟ್ಟತಾಯಮ್ಮನ ಯಜಮಾನರೇ ಇಳಿಬಿಟ್ಟು, ಹುಳು ನೋಡಲು ಕೆಳಗೆ ಹೋದರು. ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿದೆ. ವೈರು ಜೋಡಿಸುವುದೊಂದೇ ಬಾಕಿ. ಇನ್ನಷ್ಟು ಹತ್ತಿರ ಬಾಗಲು ಬಲಗಾಲನ್ನು ಸಜ್ಜಾದ ಅಂಚಿಗೆ ಸರಿಸಿದೆ.

ಅಂಚು ಕುಸಿಯಿತು.

ಕಾಲ ಕೆಳಗೆ ಏನೂ ಇರಲಿಲ್ಲ. ಸಿಮೆಂಟಿನ ತುಂಡು ಕೆಳಗಿನ ಬಂಡೆಗೆ ಬಿದ್ದು ಒಡೆದದ್ದು ಕೇಳಿಸಿತು. ಬೆಲ್ಟು ಸೊಂಟವನ್ನು ಹಿಡಿದು ಹಿಂಡಿತು, ನಾನು ಗೋಡೆಗೆ ಬಡಿದುಕೊಂಡು ನೇತಾಡಿದೆ. ಅಯ್ಯೋ ಕಬ್ಬಾಳಮ್ಮಾ ಅಂತ ಕೂಗಿಕೊಂಡೆನಂತೆ, ನನಗೆ ನೆನಪಿಲ್ಲ. ಹಗ್ಗ ಜರ್ ಅಂತ ಒಂದಿಷ್ಟು ಜಾರಿತು. ಮೇಲಿನಿಂದ ಶ್ರೀಧರ್ ಅವರ ಕಿರುಚಾಟ: “ಹಿಡ್ಕೊಂಡಿದೀನಿ! ಹಿಡ್ಕೊಂಡಿದೀನಿ!” ಮತ್ತೆ ಜಾರಿತು. ಆಮೇಲೆ ಇನ್ನೊಂದು ದನಿ, “ಬುಡಬ್ಯಾಡಿ ಸಾರ್, ನಾನೂ ಹಿಡ್ಕೊಂಡೆ!” ಹಗ್ಗ ಗಕ್ಕನೆ ನಿಂತಿತು. ನಯಾಜ್ ಆ ರಾಡು ಹಾಕಿದ ಕಾಲಿನಲ್ಲೇ ಮೆಟ್ಟಿಲು ಹಾರಿಕೊಂಡು ಮೇಲೆ ಬಂದಿದ್ದ. ಮುಟ್ಟಬೇಡ ಅಂದಿದ್ದ ಕೈ ಮುಟ್ಟಿತು, ಅದಕ್ಕೇ ನಾನಿವತ್ತು ಇದನ್ನು ಬರೆಯುತ್ತಿದ್ದೇನೆ.

ಇಬ್ಬರೂ ಸೇರಿ ನನ್ನನ್ನು ತಾರಸಿಗೆ ಎಳೆದುಕೊಂಡರು. ನಾನು ನೆಲಕ್ಕೆ ಕೂತು ನಗತೊಡಗಿದೆ, ಯಾಕೆ ನಗು ಬಂತೋ ಗೊತ್ತಿಲ್ಲ. ನಯಾಜ್ ನನ್ನ ತೋಳು ಹಿಡಿದು ಅಲ್ಲಾಡಿಸಿ, “ಸಾಯ್ತಿದ್ದೆ ಕಣಣ್ಣೋ!” ಅಂತ ಬೈಯುತ್ತ ಅಳುತ್ತಿದ್ದ. ಶ್ರೀಧರ್ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತ ನಿಂತಿದ್ದರು. ಹಗ್ಗ ಎರಡೂ ಅಂಗೈಗಳ ಚರ್ಮವನ್ನು ಕಿತ್ತುಕೊಂಡು ಹೋಗಿತ್ತು.

“ವೈರ್ ಒಂದು ಬಾಕಿ ಸಾರ್” ಅಂದೆ.

“ಬೇಡ ಗೌಡ್ರೇ, ಬೇಡ” ಅಂದರು.

“ಇಬ್ರು ಇದ್ದೀರಲ್ಲ ಸಾರ್. ಇನ್ನೇನ್ ಭಯ?”

ಕಂಬಕ್ಕೆ ಇನ್ನೊಂದು ಸುತ್ತು ಹಾಕಿಸಿ ಮತ್ತೆ ಇಳಿದೆ. ದೇವರಾಣೆ, ಆ ಎರಡನೇ ಸಲ ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಅಷ್ಟು ವರ್ಷ ಗೋಡೆಗಳ ಮೇಲೆ ಒಂದು ಕಣ್ಣು ಕೆಳಗೆ ಇಟ್ಟುಕೊಂಡೇ ಕೆಲಸ ಮಾಡಿದ್ದೆ, ಆವತ್ತು ಕೆಳಗೆ ನೋಡಲೇ ಇಲ್ಲ. ವೈರು ಜೋಡಿಸಿದೆ, ಮುಚ್ಚಳ ಹಾಕಿದೆ. ಸ್ವಿಚ್ ಹಾಕಿ ಅಂತ ಕೂಗಿದೆ. ಫ್ಯಾನು ಗಿರ್ರನೆ ತಿರುಗಿತು. ಸ್ವಲ್ಪ ಹೊತ್ತಿಗೆ ಪುಟ್ಟತಾಯಮ್ಮ ಒಳಗಿನಿಂದಲೇ, “ತಣ್ಗಾಯ್ತಾ ಐತೆ! ಗೌಡ್ರೇ, ತಣ್ಗಾಯ್ತಾ ಐತೆ!” ಅಂತ ಕೂಗಿದರು. ಆವತ್ತಿನ ಹುಳು ಉಳಿದವು. ಜ್ವರದಿಂದ ಎದ್ದು ಸೊಪ್ಪು ತಿಂದವು, ರೈತರ ಮನೆ ಸೇರಿದವು.

ಶ್ರೀಧರ್ ಅಲ್ಲೇ, ಲುಂಗಿಯಲ್ಲೇ, ತಾರಸಿಯ ಮೇಲೆ ನಿಂತು ಬೆಂಗಳೂರಿನ ದೊಡ್ಡ ಸಾಹೇಬರಿಗೆ ಫೋನು ಮಾಡಿದರು. ಕೈ ಉರಿಯುತ್ತಿದ್ದರಿಂದ ಫೋನನ್ನು ನಯಾಜ್ ಅವರ ಕಿವಿಗೆ ಹಿಡಿದಿದ್ದ. “ಇಲ್ಲ ಸಾರ್, ರಿಪೋರ್ಟ್ ಓದಿ ಹೇಳ್ತಿಲ್ಲ. ಹಗ್ಗ ನನ್ನ ಕೈಯಲ್ಲೇ ಇತ್ತು. ಒಬ್ಬನ ಕೈಲಿ ಆಗಲ್ಲ ಸಾರ್... ಹೂಂ ಸಾರ್, ಖರ್ಚು ಹೆಚ್ಚಾಗುತ್ತೆ... ಸಾರ್, ಆ ಮನುಷ್ಯ ಬಿದ್ದಿದ್ರೆ ನಾನು ಅವರ ಮನೆಗೆ ಹೋಗಿ ಏನು ಹೇಳಬೇಕಿತ್ತು?” ಆಸ್ಪತ್ರೆಗೆ ಫೋನು ಮಾಡಿದ್ದ ಮನುಷ್ಯನನ್ನು ನಾನು ಆವತ್ತಿಗೆ ಮನ್ನಿಸಿದೆ.

ಎಲ್ಲ ಒಂದೇ ದಿನಕ್ಕೆ ಆಗಲಿಲ್ಲ. ಬೆಲ್ಟು, ಹಗ್ಗ ಕಂಪನಿಯೇ ಕೊಡುವುದು, ವಿಮೆ ಮಾಡಿಸುವುದು, ಮನೆ ಬಿಟ್ಟ ಹೊತ್ತಿನಿಂದ ಕೂಲಿ ಲೆಕ್ಕ ಹಿಡಿಯುವುದು, ಚಾಕಿ ಸೆಂಟರಿನ ಸ್ನಾನದ ಹೊತ್ತನ್ನೂ ಅದಕ್ಕೆ ಸೇರಿಸುವುದು, ಒಂದೊಂದಕ್ಕೂ ನಾವು ಮತ್ತೆ ಮತ್ತೆ ಕೂತು ಮಾತಾಡಬೇಕಾಯಿತು. ಚಾಕಿ ಸೆಂಟರಿನ ಹೆಣ್ಣುಮಕ್ಕಳು ನಂಬರನ್ನು ಹಿಡಿದಿಟ್ಟುಕೊಂಡೇ ಇದ್ದದ್ದರಿಂದ ಕಂಪನಿ ಮಾತಿಗೆ ಬಂದೇ ಬಂತು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಎಲ್ಲವೂ ಆಯಿತು. ಈಗ ಸೇರುವ ನೀವು ಅದನ್ನೆಲ್ಲ ಮೊದಲ ದಿನವೇ ಪಡೆಯುತ್ತೀರಿ. ಪಡೆಯಿರಿ, ಸಂತೋಷ. ಯಾರಾದರೂ ಕಿತ್ತುಕೊಳ್ಳಲು ಬಂದರೆ ಮಾತ್ರ ಬಿಡಬೇಡಿ.

ಆದರೆ ನನಗೆ ಗೆಲುವು ಅಂದರೆ ಆ ಮಧ್ಯಾಹ್ನವೇ. ಪುಟ್ಟತಾಯಮ್ಮ ಎಲ್ಲರನ್ನೂ ಜಗುಲಿಯಲ್ಲಿ ಕೂರಿಸಿ ಮುದ್ದೆ, ಉಪ್ಸಾರು ಬಡಿಸಿದರು. ಶ್ರೀಧರ್ ಅವರಿಗೆ ಚರ್ಮ ಕಿತ್ತ ಅಂಗೈಯಲ್ಲಿ ಮುದ್ದೆ ಮುರಿಯಲಾಗಲಿಲ್ಲ. ಆಯಮ್ಮ ನೋಡಿದರು, ಪಕ್ಕದಲ್ಲಿ ಕೂತರು, ಮಗುವಿಗೆ ಇಕ್ಕುವಂತೆ ತುತ್ತು ಮಾಡಿ ಬಾಯಿಗಿಟ್ಟರು. ಸಾಹೇಬರು ನುಂಗಿದರು.

ಆಗ ನಯಾಜ್‌ನ ಅಂಗಿಯ ಜೇಬಿನಲ್ಲಿ ಫೋನು ಕೂಗಿತು. ಅದು ಬರೀ ಫೋನಿನ ದನಿಯಲ್ಲ, ಆ್ಯಪಿನ ದನಿ. ಎಷ್ಟೋ ದಿನದಿಂದ ಅವನ ಜೇಬಿನಲ್ಲಿ ಅದು ಕೂಗಿರಲಿಲ್ಲ. ಅವನು ಎಡಗೈಯಲ್ಲಿ ಫೋನು ತೆಗೆದು ನೋಡಿದ, ಮತ್ತೆ ನೋಡಿದ, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದ.

“ಕಾಲ್ ಬಂದೈತೆ ಬೋರಣ್ಣ. ಕನಕಪುರ, ಮೂರ್ನೇ ಮಹಡಿ.” ಆಮೇಲೆ ಫೋನನ್ನು ನನ್ನ ಮುಖದ ಮುಂದೆ ಹಿಡಿದ. “ಎರಡ್ ಹೆಸ್ರು ಹಾಕವ್ರೆ ಕಣಣ್ಣ. ನಂದೂ, ನಿಂದೂ.”

ಶ್ರೀಧರ್ ಬಾಯಲ್ಲಿ ತುತ್ತಿಟ್ಟುಕೊಂಡೇ ಬೇರೆ ಕಡೆ ನೋಡುತ್ತಿದ್ದರು.

“ಏಳ್ಲಾ ಮತ್ತೆ” ಅಂದೆ ನಾನು. “ಹಗ್ಗ ಎತ್ಕೊ. ಈ ಸಲ ನೀನ್ ಹತ್ತು, ನಾನ್ ಹಿಡ್ಕೊತೀನಿ.”